ಹಳದಿ ಟ್ಯಾಕ್ಸಿ

ಬಣ್ಣ ತಾಗದಿರಲೆಂದು ಆಟಿಕೆ ಕಾರಿನ ಕಿಟಕಿಗೆ ಹಚ್ಚಿದ್ದ ಕೊನೆಯ ಅಂಟುಪಟ್ಟಿ ಎಳೆದು ದರ್ಜಿ ದೀಪದ ಕೆಳಗೆ ಬಾಗಿದ. ಹೊಲಿಗೆ ಮುಗಿದ ಮೇಲೆ ಹವ್ಯಾಸಕ್ಕೆಂದು ಇಪ್ಪತ್ತು ವರ್ಷ ಪುಟಾಣಿ ಯುದ್ಧಟ್ಯಾಂಕುಗಳನ್ನೇ ಕಟ್ಟಿದವನು. ಎಲ್ಲಿ ತಪ್ಪಿದರೂ ಕೆಸರುಬಣ್ಣ ಬಳಿದು ಮುಚ್ಚುತ್ತಿದ್ದ. ಅಂಗೈಯುದ್ದದ ಇದು ಅವನ ಮೊದಲ ಕಾರು. ಹೊಳಪಿನ ಹಳದಿಯ ಮೇಲೆ ಧೂಳಿನ ಕಣವೂ ಎದ್ದು ಕಾಣುತ್ತದೆ. ಎರಡು ಸಲ ಬಣ್ಣ ಕೆಟ್ಟು, ಎರಡು ಸಲವೂ ಉಜ್ಜಿ ತೆಗೆದಿದ್ದ.

ಈ ಸಲ ಒಂದೇ ಒಂದು ಕಲೆಯಿಲ್ಲ! "ಅಕ್ಕಾ, ಓಡಿ ಬಾ!"

ಟ್ಯಾಂಕುಗಳತ್ತ ಕಣ್ಣೆತ್ತಿಯೂ ನೋಡದ ಅಕ್ಕ, ಒದ್ದೆ ಕೈ ಒರೆಸಿಕೊಳ್ಳುತ್ತ ಬಂದವಳು, ಮೇಜಿನ ಮುಂದೆ ಮಂಡಿಯೂರಿದಳು. "ಅಯ್ಯೋ, ನಾನು ಓಡಿಸ್ತಿದ್ದ ಟ್ಯಾಕ್ಸಿ ಕಣೋ ಇದು! ಚಕ್ರ ತಿರುಗುತ್ತಾ?"

"ತಿರುಗುತ್ತೆ, ಆದ್ರೆ..." ಅನ್ನುವಷ್ಟರಲ್ಲಿ ಅವಳ ಬೆರಳು ಕಾರಿನ ಮೇಲಿತ್ತು. "ಹಿಡ್ಕೊಳ್ಳೋ, ಬಿಟ್ಟೆ!"

ತಾನು ಕಟ್ಟಿದ್ದನ್ನು ಯಾರಿಗೂ ಮುಟ್ಟಗೊಡದ ದರ್ಜಿ ಮೇಜಿನ ಆ ತುದಿಗೆ ಓಡಿ, ನಗುತ್ತ ಎರಡೂ ಅಂಗೈ ಚಾಚಿ ನಿಂತ.