ಬಣ್ಣ ಹಚ್ಚದ ಮೆಟ್ಟಿಲು

ಚಹಾ ಆರುವುದರೊಳಗೆ ಓದಿ ಮುಗಿಯುವ ಕಥೆ ಇದು… ಓದಿದ ಮೇಲೆ ಯಾರದಾದರೂ ಮುಖ ನೆನಪಾದರೆ, ಅವರಿಗೊಂದು ಫೋನ್ ಮಾಡಿ.

ಗೋಕರ್ಣದ ಕಡೆ, ಸಮುದ್ರದ ನೀರು ಕಟ್ಟಿ ಉಪ್ಪು ತೆಗೆಯುವ ಒಂದು ಊರು. ಅಲ್ಲಿ ಬೊಮ್ಮಯ್ಯನದೊಂದು ಪಿಕಪ್ ಗಾಡಿ.

ಮುಂದೆ ಎರಡು ಸಾಲು ಸೀಟು, ಹಿಂದೆ ಉಪ್ಪಿನ ಚೀಲ. ಗೋದಾಮಿಗೆ ಕೆಲಸಕ್ಕೆ ಹೋಗುವ ನಾಲ್ಕು ಹೆಂಗಸರೂ ಬೆಳಿಗ್ಗೆ ಅದರಲ್ಲೇ…

ಅವರಲ್ಲಿ ಹಿರಿಯಳು ಬುದವಂತಿ. ಬೊಮ್ಮಯ್ಯನ ತಾಯಿಯ ಜೊತೆ ಮೂವತ್ತು ವರ್ಷ ಉಪ್ಪು ಎಳೆದವಳು. ತಾಯಿ ತೀರಿಕೊಂಡ ಮೇಲೆ ಅವನಿಗೆ ತಾಯಿಯ ಜಾಗದಲ್ಲಿ ಉಳಿದವಳು ಅವಳೊಬ್ಬಳೇ. ಚಿಕ್ಕಮ್ಮ ಎನ್ನುವಂತೆ ಅವನು ಕರೆಯುವುದು 'ಚಿಕ್ಕಿ' ಎಂದು; ಅವಳಿಗೆ ಅವನು 'ತಮಾ'.

ಬುದವಂತಿಗೊಂದು ರೂಢಿ. ಗಾಡಿ ಹತ್ತುವ ಮೊದಲು ಬಾಗಿ, ಎಡಬದಿಯ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು. ಅನ್ನ ಕೊಡುವ ಗಾಡಿ, ಕಾಲಿಡುವ ಮೊದಲು ಕೈಯಿಂದ ಕೇಳಬೇಕು ಎನ್ನುವಳು.

ಮಳೆಗಾಲದ ಒಂದು ಬೆಳಿಗ್ಗೆ ಅವಳ ಬೆರಳಿಗೆ ಕೆಂಪು ಪುಡಿ ಹತ್ತಿತು…

"ತಮಾ, ಮೆಟ್ಟಿಲಿಗೆ ಅಡಿಯಿಂದ ತುಕ್ಕು ಹಿಡಿದದೆ. ಆ ರಬ್ಬರ್ ಮ್ಯಾಟ್ ಎತ್ತಿ ಒಂದ್ಸಲ ನೋಡು."

ಹಿಂದಿನ ವಾರವಷ್ಟೇ ಬೊಮ್ಮಯ್ಯ ಅದಕ್ಕೆ ಕಪ್ಪು ಬಣ್ಣ ಹೊಡೆದು ಮಿರಮಿರ ಮಿಂಚಿಸಿದ್ದ.

"ಗಾಡಿ ನಂದು ಚಿಕ್ಕಿ, ತುಕ್ಕೂ ನಂದು. ನೀ ಸುಮ್ನೆ ಹತ್ತಿ ಕೂತ್ಕೊ."

ಹೆಂಗಸರು ಕಿಸಕ್ಕನೆ ನಕ್ಕರು. ಬುದವಂತಿಯೂ ನಕ್ಕಳು… ಸೆರಗಿಗೆ ಬೆರಳು ಒರೆಸಿಕೊಂಡು ಹತ್ತಿ ಕುಳಿತಳು. ಆ ಮಾತನ್ನು ಮತ್ತೆ ಎತ್ತಲಿಲ್ಲ.

ದೇವರು ಕೆಲವೊಮ್ಮೆ ನಮ್ಮ ತಪ್ಪನ್ನು ಇನ್ನೊಬ್ಬರ ಬೆರಳ ತುದಿಯಲ್ಲಿ ತೋರಿಸುತ್ತಾನೆ… ನಾವು ಬೆರಳನ್ನು ನೋಡಿ ಸಿಟ್ಟಾಗುತ್ತೇವೆ.

ಕೆಲವು ವಾರ ಕಳೆದವು. ಬುದವಂತಿ ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ. ಕೇಳಿದರೆ, ಗದ್ದೆಯ ಏರಿಯ ಮೇಲೆ ಜಾರಿದೆ ಎಂದಳು.

ತಿರುಗಿ ಬಂದವಳು ಎಡಬಾಗಿಲ ಕಡೆ ಸುಳಿಯಲೇ ಇಲ್ಲ. ಉಳಿದವರನ್ನೂ ಬಿಡಲಿಲ್ಲ. "ಈ ಬದಿ ಬ್ಯಾಡ್ರೇ… ಆ ಬದಿಯಿಂದ ಹತ್ತಿ" ಎಂದು ದಿನಾ ಅಡ್ಡ ನಿಲ್ಲುವಳು.

"ಎಡಬಾಗಿಲಲ್ಲಿ ಎಂತ ಭೂತ ಕೂತದೆ ಬುದವಂತಕ್ಕ?" ಎಂದು ಜೊತೆಗೆ ಬರುವ ಮಾದೇವಿ ಕೆಣಕಿದಳು.

"ಭೂತ ಅಲ್ವೇ… ನಿನ್ನ ಅತ್ತೆ ಕೂತದೆ."

ಎಲ್ಲರೂ ನಕ್ಕರು. ಬೊಮ್ಮಯ್ಯ ಮಾತ್ರ ನಗಲಿಲ್ಲ.

ಆಯುಧ ಪೂಜೆ ಹತ್ತಿರ ಬಂತು. ಪ್ರತಿ ವರ್ಷ ಆ ಮೆಟ್ಟಿಲ ಮುಂದೆ ಕುಳಿತು ಮೊದಲ ಕುಂಕುಮ ಇಡುವುದು ಬುದವಂತಿಯೇ. ಬೊಮ್ಮಯ್ಯ ಕರೆಯಲು ಹೋದರೆ…

"ಈ ವರ್ಷ ಬ್ಯಾಡ ತಮಾ… ಬೇರೆ ಯಾರ ಕೈಯಲ್ಲಾದ್ರೂ ಮಾಡ್ಸು."

ಅವನು ತಿರುಗಿ ಹೊರಟ. ತನ್ನ ಗಾಡಿ ಅವಳಿಗೆ ಬೇಡವಾಯಿತೇ… ಅಥವಾ ತಾನೇ ಬೇಡವಾದೆನೇ?

ಮರುದಿನ ಗಾಡಿಯನ್ನು ವೆಲ್ಡಿಂಗ್ ಮಾಡುವ ಪಾವ್ಲುವಿನ ಶೆಡ್ಡಿಗೆ ಒಯ್ದ. "ಎಡ ಮೆಟ್ಟಿಲಿಗೆ ಇನ್ನೊಂದು ಕೋಟ್ ಎಳಿ ಪಾವ್ಲು, ಹಬ್ಬ."

ಪಾವ್ಲು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಟಣ್ ಎನ್ನಬೇಕಾದದ್ದು ಡಬ್ ಎಂದಿತು.

"ಜ್ವರ ಬಂದವ್ನಿಗೆ ಪೌಡರ್ ಹಚ್ತಾ ಇದ್ಯಲ್ಲ ಮಾರಾಯಾ…"

ಮ್ಯಾಟ್ ಎಳೆದಾಗ, ಮೂರು ವರ್ಷದಿಂದ ಒಂದರ ಮೇಲೊಂದು ಬಳಿದ ಬಣ್ಣ ಹಪ್ಪಳದಂತೆ ಎದ್ದು ಬಂತು. ಅಡಿಯಲ್ಲಿ ಅಂಗೈ ಅಗಲದ ತೂತು. ಅದರ ಅಂಚು ಗರಗಸದಂತೆ ಹರಿತ.

ಆ ಅಂಚಿಗೆ ಸಿಕ್ಕಿಕೊಂಡು, ಗೇಣುದ್ದದ ಒಂದು ಬಟ್ಟೆಯ ಚೂರು… ಹಸಿರು ಚೌಕುಳಿ. ಬುದವಂತಿ ಕೆಲಸಕ್ಕೆ ಉಟ್ಟು ಬರುವ ಸೀರೆಯದು.

ಬೊಮ್ಮಯ್ಯ ಅಲ್ಲೇ ಕುಕ್ಕರಿಸಿದ. ಆ ನಾಲ್ಕು ದಿನ… ಎಡಬಾಗಿಲು… ಬೇಡವೆಂದ ಪೂಜೆ… ಒಂದೊಂದೂ ತಾನಾಗಿ ಅರ್ಥವಾಯಿತು.

ಬುದವಂತಿ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನು ಬಟ್ಟೆಯ ಚೂರನ್ನು ಅವಳ ಮುಂದಿಟ್ಟ.

ಅವಳು ನೋಡಿದಳು. ಮೆಲ್ಲಗೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಅಷ್ಟರಲ್ಲಿ ಅವನಿಗೆ ಕಂಡಿತ್ತು… ಮೊಣಕಾಲಿನಿಂದ ಹಿಮ್ಮಡಿಯವರೆಗೆ, ಅರ್ಧ ಮಾಗಿದ ಗಾಯ.

"ಯಾಕೆ ಹೇಳಲಿಲ್ಲ ಚಿಕ್ಕಿ?"

"ಹೇಳಿದ್ನಲ್ಲ ತಮಾ… ಗಾಡಿ ನಂದು, ತುಕ್ಕೂ ನಂದು ಅಂದೆ ನೀನು."

ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

"ನೀ ಹಿಂದೆ ಚೀಲ ಇಳಿಸ್ತಿದ್ದಾಗ ಮ್ಯಾಟ್ ಸರಿದು ಕಾಲು ಒಳಗೆ ಹೋಯ್ತು. ಬಿದ್ದ ಮೇಲೆ ಹೇಳಿದ್ರೆ ನಿನ್ನ ಚುಚ್ಚಿದ ಹಾಗೆ ಆಗ್ತಿತ್ತು. ಪೂಜೆಗೆ ಕೂರೋಕೆ ಕಾಲು ಮಡಚೋದಿಲ್ಲ… ನಿನ್ನ ಕಣ್ಣಿಗೆ ಬೀಳ್ತದೆ ಅಂತ ಬ್ಯಾಡ ಅಂದೆ."

ಬೊಮ್ಮಯ್ಯ ಅವಳ ಪಾದದ ಮೇಲೆ ತಲೆಯಿಟ್ಟ.

"ಏಳು… ಅಕ್ಕಿಗೆ ಕಣ್ಣೀರು ಬಿದ್ರೆ ಅನ್ನ ಉಪ್ಪಾಗ್ತದೆ" ಎಂದಳು, ಅವನ ತಲೆ ಸವರುತ್ತ.

ಮೊದಲು ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಆಮೇಲೆ ಗಾಡಿಯ ಕೆಲಸ.

ಹಬ್ಬದ ಬೆಳಿಗ್ಗೆ ಊರಿನ ಗಾಡಿಗಳೆಲ್ಲ ಥಳಥಳ. ಬೊಮ್ಮಯ್ಯನ ಗಾಡಿಯ ಎಡ ಮೆಟ್ಟಿಲು ಮಾತ್ರ ಬೂದುಬಣ್ಣದ ಬರಿಯ ಹೊಸ ಕಬ್ಬಿಣ. ಮ್ಯಾಟೂ ಇಲ್ಲ.

"ಹಬ್ಬದ ದಿನ ಗಾಡಿ ಬೆತ್ತಲೆ ನಿಂತದಲ್ಲೋ" ಎಂದಳು ಮಾದೇವಿ.

"ಬಣ್ಣ ನಾಳೆ. ಮೊದಲು ಚಿಕ್ಕಿ ಮುಟ್ಟಿ ನೋಡ್ಲಿ."

ಅವನು ಸ್ಟೂಲ್ ತಂದಿಟ್ಟ. ಬುದವಂತಿ ಕುಳಿತು ಮೆಟ್ಟಿಲ ಉದ್ದಕ್ಕೂ ಹೆಬ್ಬೆರಳು ಆಡಿಸಿದಳು. ಅಂಚು ನೋಡಿದಳು. ಅಡಿಯನ್ನೂ ಬಿಡಲಿಲ್ಲ… ಬೆರಳಿಗೆ ಏನೂ ಹತ್ತಲಿಲ್ಲ.

ಕುಂಕುಮ ಇಟ್ಟಳು. ಒಂದು ದಾಸವಾಳ ಇಟ್ಟಳು. ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಅವನ ಭುಜ ಹಿಡಿದು ಎದ್ದು, ಎರಡೂ ಕಾಲು ಊರಿ ಮೆಟ್ಟಿಲ ಮೇಲೆ ನಿಂತಳು.

"ಭಾರ ಹೊರ್ತದೆ ತಮಾ…" ಎಂದಳು. ಎಡಬಾಗಿಲು ತೆರೆದು ಒಳಗೆ ಕುಳಿತಳು.

*ತುಕ್ಕಿನ ಮೇಲೆ ಬಳಿದ ಬಣ್ಣ ನೋಡುವ ಕಣ್ಣಿಗೆ ಸಾಕು… ನಂಬಿ ಕಾಲಿಟ್ಟವರ ಭಾರ ಹೊರುವುದಿಲ್ಲ.*

ನಿಮ್ಮ ತುಕ್ಕನ್ನು ಮುಟ್ಟಿ ಹೇಳುತ್ತಿದ್ದ ಯಾರಾದರೂ ಈಚೆಗೆ ಸುಮ್ಮನಾಗಿದ್ದಾರೆಯೇ… ಅವರನ್ನು ಸುಮ್ಮನಾಗಿಸಿದ ಮಾತು ಯಾವುದಿರಬಹುದು?