ನೈರೋಬಿಗೆಂದು ಕೂಡಿಟ್ಟ ಪಾಯಿಂಟುಗಳು

ಜೆಸ್ಸಿಕಾ ಫೋನಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು. ಎದುರಿನ ಬೆಂಚಿನ ಮೇಲೆ ಚಿಕ್ಕಮ್ಮ ಮರಿಯಾ ತಾನು ಹೊಲಿದ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೂಲೆಯ ಬಟ್ಟೆ ಹೂವನ್ನು ಸವರುತ್ತಿದ್ದಳು. ತಮ್ಮ ಸಿದ್ದಿ ಜನರ ಹಿರಿಯರು ಬಂದ ಆಫ್ರಿಕಾದಲ್ಲೂ ಹೆಂಗಸರು ಹೀಗೇ ಹೂ ಮಡಿಸುತ್ತಾರೆಯೇ ಎಂದು ನೋಡುವುದು ಅವಳ ಆಸೆ. ಅದಕ್ಕೆಂದೇ ದಾಂಡೇಲಿಯ ಸಾಹೇಬರೊಬ್ಬರು ತಾವು ವಿಮಾನ ಹತ್ತಿ ಹತ್ತಿ ಗಳಿಸಿದ್ದ, ಹಣದ ಬದಲು ಕೊಟ್ಟರೆ ಟಿಕೆಟ್ ಸಿಗುವ ಪಾಯಿಂಟುಗಳನ್ನೆಲ್ಲ ಬಿಟ್ಟುಕೊಟ್ಟಿದ್ದರು. ಟ್ರಾವೆಲ್ಸ್ ಆಫೀಸಿನ ಜೆಸ್ಸಿಕಾ ಟಿಕೆಟ್ ಮಾಡಿಸಬೇಕಿತ್ತು.

“ಮಾವಶಿ, ಸಾಹೇಬರಿಗೆ ಪಾಯಿಂಟು ಕೊಟ್ಟ ವಿಮಾನ ಕಂಪನಿ ಇನ್ನೊಂದರಾಗ ಸೇರ್ಕೊಂಡೈತಿ. ಪಾಯಿಂಟು ಹಂಗ ಅದಾವು. ಆದ್ರ ನೈರೋಬಿ ವಿಮಾನದವರ ಜೋಡಿ ಹಳೇ ಕಂಪನಿದು ದೋಸ್ತಿ ಇತ್ತು, ಹೊಸಾದಕ್ಕಿಲ್ಲ. ಈ ಪಾಯಿಂಟಿನ ಮ್ಯಾಲ ನೈರೋಬಿಗೆ ಹೋಗಾಕ ಆಗೂದಿಲ್ಲ.” ಮೊದಲೇ ವಿಚಾರಿಸಬೇಕಿತ್ತು ಎಂದು ಅವಳ ಮನಸ್ಸು ಕುಟುಕುತ್ತಿತ್ತು.

ಮರಿಯಾ ಕಣ್ಣರಳಿಸಿದಳು. “ಎರಡು ಕೂಡಿದ ಮ್ಯಾಲ ಹೆಚ್ಚು ಊರಿಗೆ ಹೋಗ್ಬೇಕಲ್ಲ, ಕಡಿಮಿ ಹೆಂಗಾತು? ನಮ್ಮ ಓಣಿ ಪಾವ್ಲೂಗ ಲಗ್ನಾದ ಮ್ಯಾಲ ಅವನ ದೋಸ್ತರು ಮನಿ ಕಡೆ ಬರೂದು ಬಿಟ್ಟಂಗಾತು! ಮತ್ತ ಈಗ ಎಲ್ಲಿತನಕ ಒಯ್ತಾರ, ಕೇಳು.”

ಜೆಸ್ಸಿಕಾ ಕೇಳಿದಳು. ದೇಶದೊಳಗಾದರೆ ಅಡ್ಡಿಯಿಲ್ಲ, ಅಹಮದಾಬಾದಿಗೂ ಹೋಗಬಹುದಂತೆ.

“ಗುಜರಾತಿನಾಗೂ ಸಿದ್ದಿಗಳು ಅದಾರಂತ. ಅವರು ಕೌದಿ ಹೊಲಿತಾರೇನು?”

“ಗೊತ್ತಿಲ್ಲ, ಮಾವಶಿ.”

“ಗೊತ್ತಿಲ್ಲಂದ್ರ ಹೋಗಿ ನೋಡೂದು.”

ನೈರೋಬಿಗೆ ಒಬ್ಬರಿಗಷ್ಟೇ ಸಾಲುತ್ತಿದ್ದ ಪಾಯಿಂಟಿನಲ್ಲಿ ಅಹಮದಾಬಾದಿಗೆ ಇಬ್ಬರು ಹೋಗಬಹುದು ಎಂದು ಫೋನಿನಲ್ಲಿದ್ದ ಕಂಪನಿಯ ಹುಡುಗಿ ಹೇಳಿ, ಎರಡನೆಯವರ ಹೆಸರು ಕೇಳಿದಳು. ಊರವರಿಗೆಲ್ಲ ಟಿಕೆಟ್ ಮಾಡಿಸಿಕೊಟ್ಟಿದ್ದ ಜೆಸ್ಸಿಕಾ ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಅವಳು ಚಿಕ್ಕಮ್ಮನ ಮುಖ ನೋಡಿದಳು. ಆಮೇಲೆ ತನ್ನ ಹೆಸರು ಹೇಳಿದಳು.