ಹಳ್ಳದ ದಡದಲ್ಲಿ ಕಾಗದದ ಅಪ್ಪ

ಪುಟ್ಟಿ ಮೇಜಿನ ಮೇಲೆ ತನ್ನ ಹೆಸರಿನ ಕಾಗದದ ಗೊಂಬೆಯನ್ನು ನೀಲಿ ಹಾಳೆಯ ಹಳ್ಳದತ್ತ ತಳ್ಳತೊಡಗಿದಾಗ, ಮೇಲಿನಿಂದ ಫೋನು ಹಿಡಿದು ವಿಡಿಯೊ ಮಾಡುತ್ತಿದ್ದ ಅಪ್ಪನಿಗೆ ಮುಂದಿನ ಕಥೆ ಯಾವುದೆಂದು ಹೊಳೆಯಿತು. ಅವಳು ಗೊಂಬೆಯಾಡಿಸಿ ಹೇಳುತ್ತಿದ್ದುದು ಮನೆಮಂದಿಯ ಕಾಡಿನ ತಿರುಗಾಟಗಳ ಕಥೆ. ಅಪ್ಪ, ಅಮ್ಮ, ಪುಟ್ಟಿ ಮೂರು ಗೊಂಬೆಗಳು. ದನಿ ಚೆನ್ನಾಗಿ ಬರಲೆಂದು ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ, ಕೈಕಟ್ಟಿ ಕೂತು ಕೇಳುತ್ತಿದ್ದಳು.

"ಆ ಸಲ ಅಮ್ಮಂಗೆ ಜ್ವರ, ಬರ್ಲಿಲ್ಲ," ಎನ್ನುತ್ತ ಪುಟ್ಟಿ ಅಮ್ಮನ ಗೊಂಬೆಯನ್ನು ಮಲಗಿಸಿದಳು. "ನಾನು ಹಳ್ಳಕ್ಕೆ ಇಳಿದೆ. ಕಾಲು ಜಾರ್ತು."

"ಜಾರ್ತಾ? ಆಗ ಅಪ್ಪ ಎಲ್ಲಿದ್ರೇ ಪುಟ್ಟಿ?" ಅಮ್ಮನ ದನಿ ಸಣ್ಣಗಾಯಿತು.

ಅಂದು ಯಾರೋ ಪುಣ್ಯಾತ್ಗಿತ್ತಿ ಒದ್ದೆ ಮಗುವನ್ನು ಎತ್ತಿ ತಂದು, ಮರದಡಿ ನಿದ್ದೆಹೋಗಿದ್ದ ಅಪ್ಪನನ್ನು ಎಬ್ಬಿಸಿದ್ದಳು. ಫ್ರಾಕು ಒಣಗುವವರೆಗೂ "ಅಮ್ಮಂಗೆ ಹೇಳ್ಬೇಡ ಕಂದಾ" ಎಂದು ಮಗುವನ್ನು ಬೇಡಿಕೊಂಡವನು ಅವನೇ. ಕಥೆಯ ಭರದಲ್ಲಿ ಪುಟ್ಟಿಗೆ ಆ ಮಾತು ಮರೆತಿತ್ತು. ವಿಡಿಯೊ ನಿಲ್ಲಿಸುವ ಕೆಂಪು ಗುಂಡಿಯತ್ತ ಅಪ್ಪ ಹೆಬ್ಬೆರಳು ಸರಿಸಿದ. ಪುಟ್ಟಿ ತಲೆಯೆತ್ತಿ ಅವನ ಮುಖ ನೋಡಿದಳು. ಥಟ್ಟನೆ ಅಪ್ಪನ ಗೊಂಬೆಯನ್ನು ಎಳೆದು ತನ್ನ ಗೊಂಬೆಗೆ ಒತ್ತಿ ನಿಲ್ಲಿಸಿದಳು.

"ಇಲ್ಲೇ ಇದ್ರು. ನನ್ನ ಕೈ ಹಿಡ್ಕೊಂಡೇ ಇದ್ರು."

"ಸದ್ಯ, ದೇವರು ದೊಡ್ಡವನು," ಅಮ್ಮ ಉಸಿರುಬಿಟ್ಟಳು.

ಎಷ್ಟು ಸಲೀಸಾಗಿ ಬಂದಿತ್ತು ಆ ಪುಟ್ಟ ಬಾಯಿಗೆ ಸುಳ್ಳು! ಅಪ್ಪ ಗುಂಡಿ ಒತ್ತಲಿಲ್ಲ. ಒಂದು ಕೈಯಲ್ಲಿ ಫೋನು ಹಿಡಿದೇ ಇನ್ನೊಂದನ್ನು ಮೇಜಿನ ಮೇಲೆ ಚಾಚಿ, ತನ್ನ ಗೊಂಬೆಯನ್ನು ಮೆಲ್ಲಗೆ ಎತ್ತಿ, ದೂರದ ಹಸಿರು ಕಾಗದದ ಮರದಡಿ ಅಂಗಾತ ಮಲಗಿಸಿದ.

"ಇಲ್ಲ ಕಂದಾ, ಅಪ್ಪ ಇಲ್ಲಿದ್ದ."